ಒಂದು ಪದರ ಕಪ್ಪು

ನಾಲ್ಕು ವರ್ಷಗಳ ಹಿಂದಿನ ದೀಪಾವಳಿಯ ಮಾತು. ಹಬ್ಬಕ್ಕೆ ಮೂರು ದಿನ ಮೊದಲು ಕಲಬುರಗಿಯ ನಮ್ಮ ಮನೆಯ ಹಿತ್ತಲಲ್ಲಿ ತಾಮ್ರ, ಹಿತ್ತಾಳೆಯ ಸಾಮಾನುಗಳನ್ನೆಲ್ಲ ಹರವಿಕೊಂಡು ತಿಕ್ಕಲು ಕುಳಿತಿದ್ದೆ. ನೆನೆಸಿದ ಹುಣಸೆಹಣ್ಣು, ಒಂದು ಹಿಡಿ ಉಪ್ಪು, ತೆಂಗಿನ ನಾರು. ಇಷ್ಟು ಕೈಗೆ ಬಂದರೆ ನಮ್ಮಂಥ ಹೆಂಗಸರಿಗೆ ಅರ್ಧ ಹಬ್ಬ ಬಂದಂತೆಯೇ. ತಂಬಿಗೆ ಮುಗಿಯಿತು, ಸಮೆ ಮುಗಿಯಿತು, ಆರತಿ ತಟ್ಟೆ ಮುಗಿಯಿತು. ಕೊನೆಗೆ ಅವ್ವನ ಬಿದರಿ ಅಡಕಿ ಡಬ್ಬಿ ಕೈಗೆ ಬಂತು.

ಅಂಗೈಯಗಲದ ದುಂಡು ಡಬ್ಬಿ. ಕಪ್ಪು ಮೈಮೇಲೆ ಬೆಳ್ಳಿ ತಂತಿಯ ಬಳ್ಳಿ, ಬಳ್ಳಿಯಲ್ಲಿ ಐದೆಸಳಿನ ಹೂ. ಮುಚ್ಚಳದ ಅಂಚಿನಲ್ಲಿ ಮಾತ್ರ ಉಗುರಿನಷ್ಟು ಜಾಗ ಬೂದುಬಣ್ಣಕ್ಕೆ ತಿರುಗಿತ್ತು. ಊಟವಾದ ಮೇಲೆ ದಿನವೂ ಅವ್ವ ಹೆಬ್ಬೆರಳಿನಿಂದ ಒತ್ತಿ ಮುಚ್ಚಳ ತೆಗೆಯುತ್ತಿದ್ದ ಜಾಗ ಅದು. ಅವ್ವ ಹೋದ ಮೇಲೆ ಡಬ್ಬಿ ನನ್ನ ಪಾಲಿಗೆ ಬಂದಿತ್ತು. ಬಿದರಿಯ ಕಪ್ಪು ಕೊಳೆಯಲ್ಲವೆಂದು ಈ ಭಾಗದಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಬೆಳ್ಳಿ ಮಾಸಿತ್ತು. ಹುಣಸೆಹುಳಿ ಸ್ವಲ್ಪ ತಾಗಿಸಿದರೆ ಬೆಳ್ಳಿ ಫಳಫಳ ಎಂದೀತು ಎಂದುಕೊಂಡೆ. ತಿಕ್ಕಿದೆ. ಬೆಳ್ಳಿ ಹೊಳೆಯಿತು, ನಿಜ. ಅದರ ಜೊತೆಗೆ ಸುತ್ತಲಿನ ಕಪ್ಪು ಕರಗಿ ನೀರಿನೊಂದಿಗೆ ಬಚ್ಚಲಿಗೆ ಹರಿಯಿತು.

ಒರೆಸಿ ನೋಡಿದರೆ ಡಬ್ಬಿಯ ಮೈ ಬೂದಿಯ ಬಣ್ಣಕ್ಕೆ ಬಂದಿದೆ. ಬೆಳ್ಳಿಯ ಒಂದೆಳೆಯೂ ಕಿತ್ತಿಲ್ಲ. ಅಕ್ಕಸಾಲಿಗನ ತಕ್ಕಡಿಗೆ ಹಾಕಿದ್ದರೆ ಗುಂಜಿಯಷ್ಟೂ ಕಡಿಮೆ ತೂಗುತ್ತಿರಲಿಲ್ಲ. ಆದರೆ ಹೂ ಕಾಣುತ್ತಿಲ್ಲ! ಬೆಳ್ಳಗಿನ ಬೆಳ್ಳಿ, ಬೆಳ್ಳಗಿನ ಸತು. ಎರಡೂ ಒಂದರಲ್ಲೊಂದು ಕಲೆತು ಬಳ್ಳಿಯೂ ಇಲ್ಲ, ಎಸಳೂ ಇಲ್ಲ. ಬೆಲೆ ಬಾಳುವುದೆಲ್ಲ ಉಳಿದು, ಬೆಲೆಯಿಲ್ಲದ ಒಂದು ಪದರ ಕಪ್ಪು ಹೋಗಿತ್ತು. ಅದರೊಂದಿಗೆ ಕಲೆಯೂ ಹೋಗಿತ್ತು.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ. ಒಂದು ವಸ್ತುವಿನಲ್ಲಿ ಕಲೆ ಇರುವುದು ಎಲ್ಲಿ? ಎಷ್ಟು ದಪ್ಪದಲ್ಲಿ?

ನಾನು ಬಿ.ಎ., ಬಿ.ಎಡ್. ಮಾಡಿ ಕನ್ನಡ ಕಲಿಸುವವಳು. ಕಲಬುರಗಿಯಿಂದ ಕಮಲಾಪುರದ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು ನನ್ನ ನೌಕರಿಯ ದೊಡ್ಡ ಭಾಗ. ಬಸ್ಸು ಮುಂದೆ ಹುಮನಾಬಾದ್, ಬೀದರಿಗೆ ಹೋಗುತ್ತದೆ. ಬಹಮನಿ ಸುಲ್ತಾನರ ರಾಜಧಾನಿಯೂ ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೇ ಹೋಯಿತು. ನಾನು ಮಾತ್ರ ನಡುವೆ ಕಮಲಾಪುರದಲ್ಲಿ ಇಳಿದುಕೊಳ್ಳುತ್ತೇನೆ. ವಿಜ್ಞಾನ ನನ್ನ ವಿಷಯವಲ್ಲ. ನ್ಯಾನೋ ಎಂಬ ಶಬ್ದ ನನಗೆ ಮೊದಲು ಪರಿಚಯವಾದದ್ದು 2008ರಲ್ಲಿ, ಒಂದು ಲಕ್ಷ ರೂಪಾಯಿಯ ಕಾರಿನ ಹೆಸರಾಗಿ. ಆ ಕಾರು 2018ರ ಹೊತ್ತಿಗೆ ನಿಂತೇ ಹೋಯಿತು, ಶಬ್ದ ನಿಲ್ಲಲಿಲ್ಲ. ಟೈಲ್ಸಿನ ಅಂಗಡಿಗೆ ಹೋದರೆ ನ್ಯಾನೋ, ಬಣ್ಣದ ಅಂಗಡಿಗೆ ಹೋದರೆ ನ್ಯಾನೋ. 2021ರಿಂದ ನಮ್ಮ ವಿದ್ಯಾರ್ಥಿಗಳ ಅಪ್ಪಂದಿರ ಕೈಯಲ್ಲಿ ಅರ್ಧ ಲೀಟರಿನ ಬಾಟಲಿಯಲ್ಲಿ ನ್ಯಾನೋ ಯೂರಿಯಾವೂ ಬಂತು.

ಈ ಶಬ್ದಕ್ಕೆ ನಾನೂ ಒಮ್ಮೆ ಮರುಳಾದೆ. ಮನೆ ಬಾಗಿಲಿಗೆ ಬಂದ ಹುಡುಗನೊಬ್ಬ ಅಡಿಗೆಮನೆ ಕಟ್ಟೆಯ ಮೇಲೆ ಏನನ್ನೋ ಸಿಂಪಡಿಸಿ, ಒರೆಸಿ, ಮೇಲೆ ನೀರು ಹಾಕಿ ತೋರಿಸಿದ. ನೀರು ಮುತ್ತಿನಂತೆ ದುಂಡಗಾಗಿ ಉರುಳಿತು. “ನ್ಯಾನೋ ಕೋಟಿಂಗ್ ಅದ ಆಂಟಿ, ಐದು ವರ್ಷ ಅರಿಷಿಣದ ಕಲೀನೂ ಹತ್ತಂಗಿಲ್ಲ” ಎಂದ. ಬಾಟಲಿ ಕೊಂಡೆ. ಎರಡು ತಿಂಗಳಿಗೆ ಅರಿಷಿಣದ ಕಲೆ ಹತ್ತಿತು. ಹುಡುಗ ಕೊಟ್ಟ ಫೋನ್ ನಂಬರು ಹತ್ತಲಿಲ್ಲ.

ಇದೇ ಶಬ್ದ ಮತ್ತೆ ಎದುರಾದದ್ದು ತರಗತಿಯಲ್ಲಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿದ್ದೆವು. ಒಬ್ಬ ಹುಡುಗಿ ಬರೆದಿದ್ದಳು: ನಮ್ಮ ಅಜ್ಜಿ ಮನೆಯಲ್ಲಿ ಕಾಡಿಗಿ ಮಾಡುತ್ತಾಳೆ, ಅದು ನ್ಯಾನೋ ತಂತ್ರಜ್ಞಾನ. ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು. ನಾನು ನಕ್ಕು, ಎರಡೂ ವಾಕ್ಯಗಳ ಮೇಲೆ ಕೆಂಪು ಗೀಟು ಎಳೆದೆ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಹೇಳಿದಾಗ ನಮ್ಮ ವಿಜ್ಞಾನದ ಮೇಷ್ಟ್ರು ನಗಲಿಲ್ಲ. “ಟೀಚರ್, ಎರಡನೇ ವಾಕ್ಯ ಹೊಡದ್ರಿ, ಸರಿ. ಮೊದಲನೇದ್ಯಾಕ ಹೊಡದ್ರಿ?” ಎಂದರು.

ಅಂದು ಅವರು ನನಗೆ ಹೇಳಿದ ಪಾಠವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಮೀಟರ್. ನಮ್ಮ ತಲೆಗೂದಲಿನ ಒಂದೆಳೆ ಸುಮಾರು 80,000 ದಿಂದ 1,00,000 ನ್ಯಾನೋಮೀಟರ್ ದಪ್ಪ. ಒಂದರಿಂದ ನೂರು ನ್ಯಾನೋಮೀಟರಿನೊಳಗಿನ ಕಣಗಳ, ಪದರಗಳ ವ್ಯವಹಾರವನ್ನು ನ್ಯಾನೋ ಎನ್ನುತ್ತಾರೆ. ನ್ಯಾನೋ ತಂತ್ರಜ್ಞಾನ ಎಂಬ ಹೆಸರನ್ನು ಇಟ್ಟವರು ಜಪಾನಿನ ನೋರಿಯೋ ತಾನಿಗುಚಿ, 1974ರಲ್ಲಿ. ಅಷ್ಟು ಸಣ್ಣದಾದಾಗ ವಸ್ತು ತನ್ನ ಗುಣವನ್ನೇ ಬದಲಿಸುತ್ತದೆ. ನಮ್ಮ ಕೊರಳಿನ ಹಳದಿ ಬಂಗಾರವನ್ನು ಆ ಮಟ್ಟಕ್ಕೆ ಪುಡಿಯಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಅದು ಮಾಣಿಕ್ಯದಂತೆ ಕೆಂಪಾಗುತ್ತದೆ. ಮೈಕೇಲ್ ಫ್ಯಾರಡೆ 1857ರಲ್ಲಿ ಇದನ್ನು ಕಂಡು ಬರೆದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ನಾಲ್ಕನೆಯ ಶತಮಾನದ ಒಂದು ರೋಮನ್ ಗಾಜಿನ ಬಟ್ಟಲಿದೆ. ಹೊರಗಿನಿಂದ ಬೆಳಕು ಬಿದ್ದರೆ ಹಸಿರು, ಒಳಗೆ ದೀಪವಿಟ್ಟರೆ ಕೆಂಪು. ಗಾಜಿನೊಳಗೆ ಸೇರಿದ ಬಂಗಾರ, ಬೆಳ್ಳಿಗಳ ಅತಿಸೂಕ್ಷ್ಮ ಕಣಗಳ ಆಟ ಅದು.

ಕಾಡಿಗೆಯೂ ಹಾಗೆಯೇ. ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿದರೆ ಅದಕ್ಕೆ ಹತ್ತುವ ಮಸಿಯ ಒಂದೊಂದು ಮೂಲಕಣವೂ ಬರೀ ಹತ್ತಾರು ನ್ಯಾನೋಮೀಟರಿನಷ್ಟು. ಬೆರಳಿಗೆ ಬೆಣ್ಣೆಯಂತೆ ತಾಗುತ್ತದೆ. ಯಾವ ಒಳಕಲ್ಲೂ ಅಷ್ಟು ನುಣ್ಣಗೆ ಅರೆಯಲಾರದು. ಹುಡುಗಿಯ ಮೊದಲ ವಾಕ್ಯ ಪೂರ್ತಿ ಸರಿಯಲ್ಲದಿದ್ದರೂ ನಾನು ನಗುವಷ್ಟು ತಪ್ಪಾಗಿರಲಿಲ್ಲ.

ಆದರೆ ಎರಡನೆಯ ವಾಕ್ಯದ ಮೇಲಿನ ಗೀಟನ್ನು ನಾನು ಇಂದಿಗೂ ಅಳಿಸುವುದಿಲ್ಲ. ಈಚೆಗೆ ಸಭೆ ಸಮಾರಂಭಗಳಲ್ಲಿ ಈ ಮಾತು ಬಹಳ ಕೇಳಿಬರುತ್ತದೆ, ಕೈಚಪ್ಪಾಳೆಯೂ ಬೀಳುತ್ತದೆ. ಅದಕ್ಕೆ ಆಧಾರವಾಗಿ ಹೇಳುವ ಸಂಗತಿಗಳು ಸುಳ್ಳಲ್ಲ. ನಮ್ಮ ದಕ್ಷಿಣದ ಉಕ್ಕು ಪರದೇಶಗಳಿಗೆ ಹೋಗಿ ಡಮಾಸ್ಕಸ್ ಕತ್ತಿಗಳಾಯಿತು. ಇಂಗ್ಲಿಷಿನ ವೂಟ್ಜ್ ಎಂಬ ಶಬ್ದ ನಮ್ಮ ‘ಉಕ್ಕು’ವಿನಿಂದಲೇ ಬಂದದ್ದೆಂದು ಹೇಳುತ್ತಾರೆ. ಅಂಥ ಹದಿನೇಳನೆಯ ಶತಮಾನದ ಒಂದು ಕತ್ತಿಯಲ್ಲಿ ಇಂಗಾಲದ ನ್ಯಾನೋ ನಳಿಕೆಗಳನ್ನು ಕಂಡುದಾಗಿ ಜರ್ಮನಿಯ ಡ್ರೆಸ್ಡೆನ್ ನಗರದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ತಮಿಳುನಾಡಿನ ಕೀಳಡಿಯಲ್ಲಿ ಸಿಕ್ಕ, ಎರಡು ಸಾವಿರ ವರ್ಷಕ್ಕೂ ಹಳೆಯ ಮಡಕೆ ಚೂರುಗಳ ಕಪ್ಪು ಲೇಪದಲ್ಲಿಯೂ ಇಂಥವೇ ಇವೆಯೆಂದು 2020ರಲ್ಲಿ ವರದಿಯಾಯಿತು. ಹೆಮ್ಮೆ ಪಡಬೇಕಾದ್ದೇ. ಆದರೆ ಆ ಕಮ್ಮಾರ, ಆ ಕುಂಬಾರ ನಳಿಕೆಗಳನ್ನು ಕಂಡಿರಲಿಲ್ಲ. ಬೆಂಕಿಯ ಬಣ್ಣ ಯಾವುದಾದಾಗ ತೆಗೆಯಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ಕಂಡಿದ್ದರು. ಅದು ಚಿಕ್ಕ ತಿಳಿವಳಿಕೆಯೇನಲ್ಲ. ಅವರಿಗೆ ಇಲ್ಲದ್ದನ್ನು ಇತ್ತು ಎಂದು ಹೊಗಳುವ ಭರದಲ್ಲಿ, ಅವರಿಗೆ ಇದ್ದದ್ದನ್ನು ನಾವು ಕೇಳುವುದೇ ಇಲ್ಲ. ನನ್ನ ಆಕ್ಷೇಪಣೆ ಇರುವುದು ಇಲ್ಲಿ. ಅಜ್ಜಿ ವಿಜ್ಞಾನಿಯಾಗಿದ್ದಳು ಎಂದು ಭಾಷಣ ಮಾಡುವವರು ಔಡಲೆಣ್ಣೆ ಎಷ್ಟು, ಬತ್ತಿ ಎಷ್ಟು ದಪ್ಪ, ತಟ್ಟೆ ಎಷ್ಟು ಎತ್ತರ ಎಂದು ಅಜ್ಜಿಯನ್ನು ಎಂದಾದರೂ ಕೇಳಿದ್ದಾರೆಯೆ?

ಇನ್ನೊಂದು ಕಡೆ, ಪ್ರಯೋಗಾಲಯದಿಂದ ಹೊರಟು ಕಲೆಯೆಂದು ಕರೆಸಿಕೊಳ್ಳುವ ವಸ್ತುಗಳೂ ಇವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಕಣಗಳ ಚಿತ್ರಗಳಿಗೆ ಚೌಕಟ್ಟು ಹಾಕಿ ನ್ಯಾನೋ ಕಲೆ ಎಂದು ಪ್ರದರ್ಶಿಸುತ್ತಾರೆ. ಹೂವಿನ ತೋಟದಂತೆ, ಸಮುದ್ರದಂತೆ ಕಾಣುವ ಚಿತ್ರಗಳವು. ಆದರೆ ಆ ಯಂತ್ರ ಕೊಡುವುದು ಬಣ್ಣವಿಲ್ಲದ ಕಪ್ಪು ಬಿಳುಪಿನ ಚಿತ್ರ. ಗುಲಾಬಿ, ನೀಲಿಗಳನ್ನೆಲ್ಲ ಆಮೇಲೆ ಮನುಷ್ಯರು ತುಂಬುತ್ತಾರೆ. ತುಂಬಲಿ, ನಾವೂ ರಂಗೋಲಿಗೆ ಬಣ್ಣ ತುಂಬುವುದಿಲ್ಲವೆ? ಅದು ಕಣದ ಬಣ್ಣವೆಂದು ನೋಡುವವರನ್ನು ನಂಬಿಸಬಾರದಷ್ಟೆ.

ಇಷ್ಟಾಗಿಯೂ ಒಂದು ಸಂಗತಿ ಓದಿ ನನಗೆ ನಗು ತಡೆಯಲಾಗಲಿಲ್ಲ. ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಜೋಡಿಸಲು ಮನುಷ್ಯ ಕಲಿತಾಗ, ಅಮೆರಿಕದ ಐಬಿಎಂ ಕಂಪನಿಯ ವಿಜ್ಞಾನಿಗಳು 35 ಕ್ಸೆನಾನ್ ಪರಮಾಣುಗಳಿಂದ ಬರೆದದ್ದು ತಮ್ಮ ಕಂಪನಿಯ ಮೂರಕ್ಷರದ ಹೆಸರನ್ನೇ. 1990ರಲ್ಲಿ ಅದು ಲೋಕಪ್ರಸಿದ್ಧವಾಯಿತು. ಮದುವೆಯ ಮುಯ್ಯಿಗೆ ಸ್ಟೀಲ್ ಕೊಡ ಕೊಂಡು, ಅಂಗಡಿಯವನಿಂದ ಅದರ ಕೊರಳಿಗೆ ಹೆಸರು ಹಾಕಿಸುತ್ತೇವಲ್ಲ, ಹಾಗೆ! ಎಷ್ಟು ಸಣ್ಣದಕ್ಕೆ ಇಳಿದರೂ ಮನುಷ್ಯನಿಗೆ ತನ್ನ ಹೆಸರು ಹಾಕಿಸುವ ಚಪಲ ಬಿಡದು. ಬಿದರಿಯ ಡಬ್ಬಿಯ ಮೇಲೆ ಮಾತ್ರ ಮಾಡಿದವನ ಹೆಸರಿರಲಿಲ್ಲ.

ಆ ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಬೇಸಿಗೆ ರಜೆಯಲ್ಲಿ ಒಂದು ದಿನ ಬಸ್ ಹತ್ತಿದೆ. ಕಮಲಾಪುರ ಬಂದಾಗ ಅಭ್ಯಾಸಬಲದಿಂದ ಇಳಿಯಲು ಎದ್ದು, ಮತ್ತೆ ಕುಳಿತೆ. ಬೀದರಿನಲ್ಲಿ ವಿಚಾರಿಸುತ್ತ ಒಬ್ಬ ವಯಸ್ಸಾದ ಕುಶಲಕರ್ಮಿಯ ಮನೆಗೆ ಹೋದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ನಾನು ಹೋದದ್ದು ಹೆಸರು ಮಾಡದ ಇನ್ನೊಬ್ಬರಲ್ಲಿಗೆ. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, “ಹುಣಸಿಹಣ್ಣು ಹಚ್ಚೀರೇನಮ್ಮಾ?” ಎಂದರು. ನಾನು ತಲೆ ತಗ್ಗಿಸಿದೆ. “ಇರ್ಲಿ ಬಿಡ್ರಿ. ಚಾಂದಿ ಹೋಗಿಲ್ಲ. ಕಾಲಾ ಮತ್ತ ಬರ್ತದ” ಎಂದರು.

ಅಲ್ಲಿ ಕುಳಿತು ಕಂಡದ್ದನ್ನೂ ಅವರು ಹೇಳಿದ್ದನ್ನೂ ಬರೆಯುತ್ತೇನೆ. ಬಿದರಿಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ; ಹದಿನಾರಕ್ಕೆ ಒಂದರ ಲೆಕ್ಕ. ಎರಕ ಹೊಯ್ದು, ಅರದಿಂದ ತಿಕ್ಕಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕೊರೆಯುವ ಗೆರೆ ಕಣ್ಣಿಗೆ ಕಾಣಲೆಂದು. ಆಮೇಲೆ ಉಳಿಯಿಂದ ಗೆರೆ ಕೊರೆದು ಅದರೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಇದಕ್ಕೆ ತಾರಕಶಿ ಎಂದು ಹೆಸರು. ಮತ್ತೆ ಉಜ್ಜಿದಾಗ ಆ ಮೊದಲಿನ ಕಪ್ಪು ಹೋಗಿಬಿಡುತ್ತದೆ. ಬೆಳ್ಳಿಯೂ ಸತುವೂ ಒಂದೇ ಬಣ್ಣದಲ್ಲಿ ನಿಲ್ಲುತ್ತವೆ. ನನ್ನ ಡಬ್ಬಿ ಇದ್ದದ್ದು ಆ ಸ್ಥಿತಿಯಲ್ಲಿಯೇ. ಎಲ್ಲ ದುಡಿಮೆ ಮುಗಿದು, ಕೊನೆಯದೊಂದು ಬಾಕಿ ಇರುವ ಸ್ಥಿತಿ.

ಆ ಕೊನೆಯ ಕೆಲಸಕ್ಕೆ ಬೇಕಾದದ್ದು ಬೀದರ ಕೋಟೆಯ ಮಣ್ಣು. ಬಿಸಿಲು ಮಳೆ ತಾಗದ ಹಳೆಯ ಕಟ್ಟಡಗಳೊಳಗಿನ ಮಣ್ಣೇ ಆಗಬೇಕು. ಒಳ್ಳೆಯ ಮಣ್ಣು ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಚಾಚಾ ನಾಲಿಗೆ ಹೊರಚಾಚಿ ತೋರಿಸಿ ನಕ್ಕರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ರುಚಿ ನೋಡುವುದೇ ಪರೀಕ್ಷೆ. ಆ ಮಣ್ಣಿಗೆ ನವಸಾಗರ, ನೀರು ಸೇರಿಸಿ, ಬಿಸಿ ಮಾಡಿದ ಡಬ್ಬಿಗೆ ಹಚ್ಚಿ ತಿಕ್ಕಿದರು. ನನ್ನ ಕಣ್ಣೆದುರಿಗೇ ಬೂದುಬಣ್ಣ ಮಸುಕಾಯಿತು, ಕಂದಿತು, ಕಾರಿರುಳಿನಂತೆ ಕಪ್ಪಾಯಿತು. ಬೆಳ್ಳಿಗೆ ಮಾತ್ರ ಏನೂ ತಾಗಲಿಲ್ಲ. ತೊಳೆದು, ಒಂದು ತೊಟ್ಟು ಎಣ್ಣೆ ಒರೆಸಿದಾಗ ಕತ್ತಲೆಯೊಳಗಿಂದ ಅವ್ವನ ಬಳ್ಳಿ, ಐದೆಸಳಿನ ಹೂ ಎದ್ದು ಬಂದವು. ನನ್ನ ಕಣ್ಣು ತುಂಬಿತು, ನಾಚಿಕೆಯೇನಿಲ್ಲ.

ಆ ಕಪ್ಪಿಗೆ ಸತುವಿನೊಳಗಿನ ಸ್ವಲ್ಪ ತಾಮ್ರ ಮುಖ್ಯವೆಂದು ಈಗ ವಿಜ್ಞಾನಿಗಳು ಹೇಳುತ್ತಾರೆ. ಹೇಳಲಿ, ಇನ್ನೂ ಹುಡುಕಲಿ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸಂಶೋಧನ ಕೇಂದ್ರ ಕಟ್ಟಿ ಇಂಥ ಸೂಕ್ಷ್ಮ ವಸ್ತುಗಳ ಮೇಲೆ ದುಡಿದು ಭಾರತರತ್ನ ಪಡೆದ ಸಿ.ಎನ್.ಆರ್. ರಾಯರು ಕನ್ನಡದವರೇ ಎಂದು ಮಕ್ಕಳಿಗೆ ಹೇಳುವಾಗ ನನಗೂ ಹೆಮ್ಮೆಯೇ. ನಾಲಿಗೆಗೆ ತಿಳಿದದ್ದನ್ನು ಯಂತ್ರ ವಿವರಿಸಿದರೆ ನಾಲಿಗೆಗೆ ಅವಮಾನವಿಲ್ಲ. ಯಂತ್ರ ಬಂತೆಂದು ನಾಲಿಗೆಯನ್ನು ಮರೆತರೆ ನಷ್ಟ.

ಈಗ ಎರಡು ಲೇಪಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ನನ್ನ ಅಡಿಗೆಮನೆ ಕಟ್ಟೆಯ ಲೇಪ, ಅವ್ವನ ಡಬ್ಬಿಯ ಲೇಪ. ಎರಡೂ ತೆಳು, ಎರಡೂ ಹೋಗುವಂಥವೇ. ಮೊದಲನೆಯದು ಹೋದಾಗ ಏನು ಹೋಯಿತು, ಎಲ್ಲಿಗೆ ಹೋಯಿತು, ಊಟದ ತಟ್ಟೆಗೆ ಹೋಯಿತೋ ಬಚ್ಚಲಿಗೆ ಹೋಯಿತೋ ಎಂದು ಕೇಳಲು ಒಬ್ಬರಿಲ್ಲ. ಎರಡನೆಯದು ಹೋದಾಗ ಬಸ್ ಹತ್ತಿ ಹೋಗಿ ಬಾಗಿಲು ತಟ್ಟಿದೆ. ಆ ಕಪ್ಪನ್ನು ಮತ್ತೆ ತರುವ ಕೈ ಅಲ್ಲಿತ್ತು. ನಿತ್ಯ ಬಳಸುವ ವಸ್ತುವಿನಲ್ಲಿ ಕಲೆಯಿದೆಯೋ ಇಲ್ಲವೋ ಎಂದು ನೋಡಲು ನನಗೆ ಈಗ ಇದೇ ಅಳತೆ: ಕೆಟ್ಟಾಗ ಯಾರ ಬಾಗಿಲಿಗೆ ಹೋಗಬಹುದು?

ತೆಳುವಾದದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ತಾಮ್ರದ ತಟ್ಟೆಗೆ ಹತ್ತಿದ ಮಸಿ ಕಣ್ಣಿಗೆ ಚೆಲುವಾದರೆ, ಅದೇ ಮಸಿ ಸೌದೆ ಒಲೆಯ ಹೊಗೆಯಲ್ಲಿ ನಮ್ಮ ಅವ್ವಂದಿರ ಎದೆಗೆ ಇಳಿಯಿತು. ಅವ್ವ ಕೊನೆಯ ವರ್ಷಗಳಲ್ಲಿ ಕೆಮ್ಮಿ ಕೆಮ್ಮಿ ಸೋತಳು. ಕಣ್ಣಿಗೆ ಕಾಣದಷ್ಟು ಸಣ್ಣದಾದ್ದರಿಂದಲೇ ಅದು ಶ್ವಾಸಕೋಶದ ಆಳಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ತಡವಾಗಿತ್ತು. 2016ರಿಂದ ಉಜ್ವಲಾ ಯೋಜನೆಯ ಸಿಲಿಂಡರು ಹಳ್ಳಿಮನೆಗಳಿಗೆ ಬಂದಿದೆ, ಒಳ್ಳೆಯದಾಯಿತು. ಹಾಗೆಯೇ ಹಸುಗೂಸಿನ ಕಣ್ಣಿಗೆ ಕಾಡಿಗೆ ಹಚ್ಚಬೇಡಿರೆಂದು ಡಾಕ್ಟರು ಹೇಳಿದರೆ ಕೇಳಬೇಕು. ಪೇಟೆಯ ಕೆಲವು ಸುರಮೆಗಳಲ್ಲಿ ಸೀಸ ಇರುತ್ತದೆ, ಸೀಸ ಮಕ್ಕಳಿಗೆ ವಿಷ. ಅಜ್ಜಿಯ ಮೇಲಿನ ಗೌರವಕ್ಕೆ ಮಗುವಿನ ಕಣ್ಣನ್ನು ಒತ್ತೆ ಇಡಬಾರದು.

ರಜೆ ಮುಗಿದು ಶಾಲೆ ತೆರೆದ ಮೇಲೆ ಆ ಹುಡುಗಿಯನ್ನು ಕರೆದೆ. ತರಗತಿಗೆ ಒಂದು ಕೆಸುವಿನ ಎಲೆ ತಂದು ನೀರು ಹಾಕಿದೆ. ನೀರು ಮುತ್ತಾಗಿ ಉರುಳಿತು. ನನಗೆ ಬಾಟಲಿ ಮಾರಿದ ಹುಡುಗನ ನೆನಪಾಯಿತು. ಕಮಲದ ಎಲೆಯ ಮೇಲೆ ಸೂಕ್ಷ್ಮ ಉಬ್ಬುಗಳಿವೆ, ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ನಳಿಕೆಗಳಿವೆ, ಅದರಿಂದಲೇ ನೀರು ನಿಲ್ಲದೆ ಧೂಳನ್ನು ಕೊಂಡೊಯ್ಯುತ್ತದೆ ಎಂದು ಜರ್ಮನಿಯ ಬಾರ್ಥ್‌ಲಾಟ್, ನೈನ್‌ಹುಯಿಸ್ ಎಂಬ ಸಸ್ಯವಿಜ್ಞಾನಿಗಳು 1997ರಲ್ಲಿ ವಿವರಿಸಿದರು. ಇದನ್ನು ಹೇಳಿ, “ನಮ್ಮ ಊರ ಹೆಸರಿನೊಳಗೇ ಕಮಲ ಅದ, ನೋಡ್ರಿ” ಎಂದೆ. ಮಕ್ಕಳು ನಕ್ಕರು. ಕಮಲಾಪುರವೆಂದರೆ ಕೆಂಪು ಬಾಳೆಹಣ್ಣು ಎಂದಷ್ಟೇ ಅವರಿಗೆ ಅಭ್ಯಾಸ.

ಹುಡುಗಿಗೆ ಹೇಳಿದೆ: “ನಿನ್ನ ಪ್ರಬಂಧದ ಮೊದಲನೇ ಸಾಲಿನ ಗೀಟು ನಂದೇ ತಪ್ಪು. ಇನ್ನೊಮ್ಮೆ ಬರಿ. ಆದ್ರ ಪೂರ್ವಜರು ಅಂತ ಬರೀಬ್ಯಾಡ. ಅಜ್ಜಿ ಹೆಂಗ ಮಾಡ್ತಾಳ, ಅಷ್ಟೇ ಬರಿ.” ವಾರ ಬಿಟ್ಟು ಎರಡು ಪುಟ ತಂದುಕೊಟ್ಟಳು. ಬತ್ತಿಯನ್ನು ಹಳೆಯ ಮೆತ್ತನೆಯ ಧೋತರದ ಬಟ್ಟೆಯಿಂದ ಹೊಸೆಯಬೇಕು, ಹೊಸ ಬಟ್ಟೆಯಾದರೆ ಮಸಿ ಒರಟಾಗುತ್ತದೆ ಎಂದು ಅಜ್ಜಿ ಹೇಳಿದಳಂತೆ. ಅದು ನನಗೆ ಗೊತ್ತಿರಲಿಲ್ಲ. ವಿಜ್ಞಾನದ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಆ ಪುಟಗಳನ್ನು ಇಟ್ಟುಕೊಂಡಿದ್ದೇನೆ.

ಡಬ್ಬಿ ಈಗ ನಮ್ಮ ಊಟದ ಕೋಣೆಯ ಕಪಾಟಿನಲ್ಲಿದೆ. ಹಬ್ಬ ಬಂದರೆ ಒಣ ಬಟ್ಟೆಯಿಂದ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರುತ್ತೇನೆ, ಅಷ್ಟೆ. ಚಾಚಾ ಕೆಲಸ ಬಹಳ ಚೆನ್ನಾಗಿ ಮಾಡಿದರು. ಎಷ್ಟು ಚೆನ್ನಾಗಿ ಎಂದರೆ ಮುಚ್ಚಳದ ಅಂಚಿನಲ್ಲಿದ್ದ ಆ ಉಗುರಿನಷ್ಟು ಬೂದು ಜಾಗವೂ ಕಪ್ಪಿನೊಳಗೆ ಮುಚ್ಚಿಹೋಗಿದೆ. ಅವ್ವನ ಹೆಬ್ಬೆರಳು ನಲವತ್ತು ವರ್ಷ ತಾಗಿ ಮಾಡಿದ ಗುರುತು ಅದು. ಕೋಟೆಯ ಮಣ್ಣಿಗೂ ಅದನ್ನು ಮತ್ತೆ ತರಲಾಗದು. ಈಗ ಊಟವಾದ ಮೇಲೆ ಅದೇ ಜಾಗದಲ್ಲಿ ನನ್ನ ಹೆಬ್ಬೆರಳಿಟ್ಟು ಮುಚ್ಚಳ ತೆಗೆಯುತ್ತೇನೆ. ಇನ್ನೂ ಸವೆದಿಲ್ಲ.